ಹೊಸ ಮನೆ ಸೋರುತ್ತಿದೆಯೇ? ಕಂಟ್ರಾಕ್ಟರಿಂದ ಸರಿಪಡಿಸಿಕೊಳ್ಳುವುದು ಹೀಗೆ

ಎಪ್ರಿಲ್‌ನಲ್ಲಿ ಒಕ್ಕಲಾದ ಮನೆ ಜಡಿಮಳೆಯ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಸೋರತೊಡಗುತ್ತದೆ. ಫೋನ್ ಮಾಡಿದರೆ ಕಂಟ್ರಾಕ್ಟರ್ "ಮಳೆ ಬಿಡಲಿ, ನೋಡುವಾ" ಎನ್ನುತ್ತಾರೆ. ಕೇರಳದ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ, ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಮನೆ ಕಟ್ಟಿಸಿದ ಎಷ್ಟೋ ಜನ ಕೇಳಿದ ಮಾತಿದು. ಆದರೆ ಮಳೆ ಬಿಟ್ಟರೆ ಗೋಡೆಯ ಗುರುತೂ ಒಣಗಿ ಹೋಗುತ್ತದೆ. ಹಾಗಾಗಿ ನಿಮ್ಮ ಕೆಲಸ ಮಳೆ ಇರುವಾಗಲೇ ಶುರುವಾಗಲಿ.

ನೀರು ಇಳಿಯುತ್ತಿರುವಾಗಲೇ ಫೋಟೊ, ವಿಡಿಯೊ ತೆಗೆಯಿರಿ. ಒದ್ದೆ ಕಲೆಯೊಂದನ್ನೇ ತೆಗೆದರೆ ಸಾಲದು, ಯಾವ ಕೋಣೆಯ ಯಾವ ಗೋಡೆ ಎಂದು ತಿಳಿಯುವಂತೆ ದೂರದಿಂದಲೂ ತೆಗೆಯಿರಿ. ಬಿರುಕಿದ್ದರೆ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ. ತಿಂಗಳು ಕಳೆದು ಗೆರೆ ದಾಟಿದ್ದರೆ ಬಿರುಕು ಬೆಳೆಯುತ್ತಿದೆ ಎಂದರ್ಥ. ಸಾರಣೆಯ ಮೇಲಿನ ಸಣ್ಣ ಗೀರುಗಳಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟು ಕೆಂಪುಕಲ್ಲಿನ ಸಂದಿಯಲ್ಲಿ ಮೆಟ್ಟಿಲಿನಂತೆ ಇಳಿಯುವ ಬಿರುಕು ಮಾತ್ರ ಬೇರೆ ಕಥೆ. ಪಂಚಾಂಗ, ಅಂದರೆ ಮನೆಯ ಅಡಿಪಾಯ, ಕುಸಿದಿರಬಹುದು.

ಆಮೇಲೆ ಕಾಗದಪತ್ರ. ಮಲಯಾಳದಲ್ಲಿದ್ದ ಕರಾರಿಗೆ "ನಮ್ಮವರೇ ಅಲ್ವಾ" ಎಂದು ಓದದೆ ಸಹಿ ಹಾಕಿದವರು ನಮ್ಮಲ್ಲಿ ಕಡಿಮೆಯಿಲ್ಲ. ಈಗಲಾದರೂ ಗೊತ್ತಿದ್ದವರಿಂದ ಸಾಲು ಸಾಲು ಓದಿಸಿ. ಟೆರೇಸಿನ ವಾಟರ್‌ಪ್ರೂಫಿಂಗ್ ಚದರಡಿ ದರದಲ್ಲೇ ಸೇರಿದೆಯೇ ಎಂದು ಮುಖ್ಯವಾಗಿ ನೋಡಿ. ಕರಾರೇ ಆಗಿಲ್ಲದಿದ್ದರೂ ಕೈಚೆಲ್ಲಬೇಡಿ. ಎಸ್ಟಿಮೇಟ್, ಬ್ಯಾಂಕಿನಿಂದ ಹೋದ ಕಂತು, ವಾಟ್ಸ್‌ಆ್ಯಪ್ ಮಾತುಕತೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಗದು ಕೊಟ್ಟಿದ್ದರೆ ಜಗಳ ಬಲಿಯುವ ಮೊದಲೇ "ಈವರೆಗೆ ಇಷ್ಟು ಕೊಟ್ಟಿದ್ದೇನೆ, ಸರಿಯಲ್ಲವೇ?" ಎಂದು ಮೆಸೇಜ್ ಹಾಕಿ ಉತ್ತರ ಪಡೆಯಿರಿ.

ಧಾರಾಳವಾಗಿ ಖರ್ಚು ಮಾಡಬೇಕಾದದ್ದು ಎಂಜಿನಿಯರ್ ವರದಿಗೆ. ಕಂಟ್ರಾಕ್ಟರಿಗೆ ಸಂಬಂಧಪಡದ, ಅರ್ಹತೆಯುಳ್ಳ ಸಿವಿಲ್ ಎಂಜಿನಿಯರನ್ನು ಕರೆಸಿ. ದೋಷ ಏನು, ಕಾರಣ ಏನು, ದುರಸ್ತಿಗೆ ಎಷ್ಟು ಬೇಕು, ಮೂರೂ ವರದಿಯಲ್ಲಿರಲಿ. ಕಾರಣ ಬರೆಯದ ವರದಿ ಅರ್ಧ ವರದಿ. ಏಕೆಂದರೆ "ನಿಮ್ಮ ಟ್ಯಾಂಕ್ ಸೋರುತ್ತಿದೆ, ನನ್ನ ಸ್ಲ್ಯಾಬ್ ಅಲ್ಲ" ಎಂಬ ವಾದ ಬಂದೇ ಬರುತ್ತದೆ. ಮಳೆ ಬಿಟ್ಟ ಮೇಲೆ ಟೆರೇಸಿನ ಪೈಪುಗಳನ್ನು ಮುಚ್ಚಿ, ಎಂಜಿನಿಯರ್ ಹೇಳಿದಷ್ಟೇ ನೀರು ನಿಲ್ಲಿಸಿ, ಒಂದು ದಿನ ಬಿಟ್ಟು ನೋಡಿದರೆ ಉತ್ತರ ಸಿಗುತ್ತದೆ.

ಈಗ ನೋಟಿಸ್. ವಕೀಲರೇ ಬರೆಯಬೇಕೆಂದಿಲ್ಲ. ದೋಷಗಳನ್ನು ಹೇಳಿ, ವರದಿಯ ಪ್ರತಿ ಸೇರಿಸಿ, 15 ದಿನದೊಳಗೆ ಸರಿಪಡಿಸಲು ಕೇಳಿ. ಅವರು ಓದಬಲ್ಲ ಭಾಷೆಯಲ್ಲಿ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಕೊನೆಯ ಕಂತು ತಡೆದಿದ್ದರೆ ಅದರ ಕಾರಣವನ್ನೂ ಬರೆಯಿರಿ. ಸುಮ್ನೆ ಹಣ ಹಿಡಿದು ಕೂತರೆ "ಬಾಕಿ ಕೊಡದವರು" ನೀವೇ ಆಗುತ್ತೀರಿ. ಅವರು ಬಂದು ದುರಸ್ತಿ ಮಾಡುತ್ತೇನೆ ಎಂದರೆ ಒಳ್ಳೆಯದೇ. ಏನು, ಯಾವಾಗ ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ.

ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೂ ಮಾತಾಡಬಹುದು. ಊರಿನ ಕಂಟ್ರಾಕ್ಟರನ್ನು ಬಗ್ಗಿಸಲು ಅದರಿಂದಾಗುವುದು ನನಗೇನೋ ಅನುಮಾನ.

ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟಿಕೊಡುವುದೂ ಸೇವೆಯೇ. ಕಂಟ್ರಾಕ್ಟರ್ ಮಂಗಳೂರಿನವರಾದರೂ ನೀವು ಗಡಿ ದಾಟಿ ಅಲೆಯಬೇಕಿಲ್ಲ. ನೀವು ವಾಸವಿರುವ ಕಾಸರಗೋಡು ಜಿಲ್ಲೆಯಲ್ಲೇ ದೂರು ಕೊಡಬಹುದು. ಕೆಲಸಕ್ಕೆ ನೀವು ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರಿರಬಾರದು. 5 ಲಕ್ಷದವರೆಗೆ ಶುಲ್ಕವಿಲ್ಲ, 20 ಲಕ್ಷ ದಾಟಿದರೂ 1,000 ರೂಪಾಯಿ ಅಷ್ಟೇ. ಗಡುವು ಎರಡು ವರ್ಷ. ಮನೆ ಕೈಗೆ ಬಂದ ದಿನದಿಂದಲೇ ಎಣಿಸಿಕೊಳ್ಳುವುದು ಕ್ಷೇಮ. "ಬರುತ್ತೇನೆ, ನೋಡುತ್ತೇನೆ" ಎಂಬ ಫೋನ್ ಮಾತು ನಂಬಿ ಕೂತರೆ ಗಡುವು ಕಾಯುವುದಿಲ್ಲ.

ಮನೆ ನೋಡಿ ವರದಿ ಕೊಡಲು ಎಕ್ಸ್‌ಪರ್ಟ್ ಕಮಿಷನರನ್ನು (ಆಯೋಗ ನೇಮಿಸುವ ತಜ್ಞರನ್ನು) ಕಳಿಸಿ ಎಂದು ಆಯೋಗಕ್ಕೆ ಅರ್ಜಿ ಕೊಡಿ. ಅವರು ಬರುವ ಮೊದಲೇ ಬಿರುಕು ಮುಚ್ಚಿ ಬಣ್ಣ ಹೊಡೆದರೆ ನಿಮ್ಮ ಸಾಕ್ಷಿಯನ್ನು ನೀವೇ ಅಳಿಸಿದಂತೆ. ತೀರಾ ಅಪಾಯವಿದ್ದರೆ ಮಾತ್ರ, ವಿಡಿಯೊ ಮಾಡಿ, ಎದುರು ಪಕ್ಷಕ್ಕೆ ತಿಳಿಸಿ ರಿಪೇರಿ ಮಾಡಿಸಿ. ಪರಿಹಾರ ಕೇಳುವಾಗ ದುರಸ್ತಿ ಖರ್ಚು, ಮಾನಸಿಕ ತೊಂದರೆ, ಕೇಸಿನ ಖರ್ಚು ಬೇರೆ ಬೇರೆಯಾಗಿ ಬರೆಯಿರಿ. ಬಾಯಿಗೆ ಬಂದ ಮೊತ್ತ ಬರೆದರೆ ನಿಮ್ಮ ಮಾತಿನ ತೂಕವೇ ಇಳಿಯುತ್ತದೆ.

ಫ್ಲ್ಯಾಟ್ ಕೊಂಡವರಿಗೆ ಇನ್ನೊಂದು ದಾರಿ ಇದೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಂತೆ, ಮನೆ ಕೈಗೆ ಬಂದು 5 ವರ್ಷದೊಳಗೆ ಕಟ್ಟಡದ ದೋಷ ತಿಳಿಸಿದರೆ ಬಿಲ್ಡರ್ 30 ದಿನದೊಳಗೆ ಉಚಿತವಾಗಿ ಸರಿಪಡಿಸಬೇಕು. ಸ್ವಂತ ಜಾಗದಲ್ಲಿ ಕಂಟ್ರಾಕ್ಟ್ ಕೊಟ್ಟು ಕಟ್ಟಿಸಿದ ಮನೆಗೆ ಇದು ಸಿಗದು.

ಆದೇಶ ಬಂದ ಮೇಲೂ ಹಣ ಬರದಿದ್ದರೆ ಅದೇ ಆಯೋಗಕ್ಕೆ ಜಾರಿ ಅರ್ಜಿ ಹಾಕಿ. ಆದೇಶ ಮೀರಿದವರಿಗೆ ಕಾಯ್ದೆಯ 72ನೇ ಕಲಮಿನಡಿ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ.