ಕೈಯಲ್ಲೇ ಉಜ್ಜಿ ಸರ್ಫೇಸ್ ಪ್ಲೇಟ್ ಮಾಡಿದೆ: ನನ್ನ ಅನುಭವ

ಸರ್ಫೇಸ್ ಪ್ಲೇಟ್ ಅಂದರೆ ವರ್ಕ್‌ಶಾಪಿನಲ್ಲಿ ಅಳತೆಗೆ ಆಧಾರವಾಗಿ ಇಡುವ ಸಪಾಟ ಹಲಗೆ. ನನ್ನದರ ಕ್ಯಾಲಿಬ್ರೇಷನ್ (ಅಳತೆ ಪರೀಕ್ಷೆಯ) ರಿಪೋರ್ಟ್ ಕಳೆದ ತಿಂಗಳು ಕೈಗೆ ಬಂತು. ಹದಿನೈದು ಇಂಚು ಚೌಕದ ಗ್ರಾನೈಟ್ ಪ್ಲೇಟ್, ಫ್ಲಾಟ್‌ನೆಸ್, ಅಂದರೆ ಮುಖದ ಏರಿಳಿತ, ನಾಲ್ಕು ಮೈಕ್ರಾನ್‌ಗೆ ಸ್ವಲ್ಪ ಮೇಲೆ. ಒಂದು ಮೈಕ್ರಾನ್ ಅಂದರೆ ಎಂಎಂನಲ್ಲಿ ಸಾವಿರದ ಒಂದು ಪಾಲು. ಈ ಅಳತೆಯ ಪ್ಲೇಟಿಗೆ ಜರ್ಮನ್ ಸ್ಟ್ಯಾಂಡರ್ಡ್ ಡಿನ್ 876ರ ಗ್ರೇಡ್ 0 ಮಿತಿ ಐದೂವರೆ ಮೈಕ್ರಾನ್ ಹತ್ತಿರ ಬರುತ್ತದೆ, ಅದರೊಳಗೇ ಇದೆ. ಮೆಷಿನ್ ಇಲ್ಲ, ಎಸಿ ರೂಮ್ ಇಲ್ಲ. ಬೆಂಗಳೂರಿನ ಕಾಮಾಕ್ಷಿಪಾಳ್ಯದ ತಗಡಿನ ಶೆಡ್‌ನಲ್ಲಿ ಕೈಯಲ್ಲಿ ಉಜ್ಜಿದ್ದು. ರಿಪೋರ್ಟನ್ನು ಮೊದಲು ತೋರಿಸಿದ್ದು ಪಕ್ಕದ ಶೆಡ್ಡಿನವರಿಗೆ. ಹನ್ನೊಂದು ತಿಂಗಳಿಂದ "ಏನ್ ಗುರೂ, ಕಲ್ಲು ಹಿಟ್ಟಾಯ್ತಾ?" ಅಂತ ದಿನಾ ಕೇಳುತ್ತಿದ್ದದ್ದು ಅವರೇ.

ನನ್ನದು ಡೈ ಮತ್ತು ಫಿಕ್ಸ್ಚರ್ ಕೆಲಸ. ಇದ್ದ ಬೀಡು ಕಬ್ಬಿಣದ ಪ್ಲೇಟ್ ಹಳೆಯದು. ಮಧ್ಯ ಸವೆದು ಹಳ್ಳ, ಅಲ್ಲಲ್ಲಿ ಪೆಟ್ಟು ಬಿದ್ದು ಉಬ್ಬಿದ ಗುಳ್ಳೆ. ಕಲ್ಲಿಗೆ ಪೆಟ್ಟು ಬಿದ್ದರೆ ಚಕ್ಕೆ ಹಾರುತ್ತೆ ಅಷ್ಟೆ, ಅಂಚು ಮೇಲೆದ್ದು ನಿಲ್ಲಲ್ಲ. ಹಾಗಾಗಿ ಗ್ರಾನೈಟೇ ಬೇಕು ಅಂತ ಕೊಟೇಷನ್ ತರಿಸಿದೆ. ಸರ್ಟಿಫಿಕೇಟ್, ಸ್ಟ್ಯಾಂಡ್, ಜಿಎಸ್‌ಟಿ ಎಲ್ಲ ಸೇರಿ ಇಪ್ಪತ್ತು ಸಾವಿರದ ಹತ್ತಿರ. ಆ ತಿಂಗಳು ಬಾಡಿಗೆಯೇ ಬಾಕಿ ಇತ್ತು.

ಜಿಗಣಿಯ ಕಡೆ ಒಂದು ಯಾರ್ಡಿನಲ್ಲಿ ಕರಿ ಕಲ್ಲಿನ ಉಳಿಕೆ ತುಂಡು ಸಿಕ್ಕಿದವು. ಚಾಮರಾಜನಗರದ ಕಪ್ಪು ಅಂದರು. ನುಣುಪು ನೋಡಿದರೆ ಹೌದು ಅನ್ನಿಸಿತು. ಮೂರು ಇಂಚು ದಪ್ಪ. ಮೂರನ್ನೂ ಒಂದೇ ಅಳತೆಗೆ ಕೊಯ್ಸಿ, ಎಲ್ಲ ಸೇರಿ ಎರಡು ಸಾವಿರದ ನಾನೂರೋ ಐನೂರೋ ಕೊಟ್ಟೆ. ಟಾಟಾ ಏಸ್‌ಗೆ ಒಂಬೈನೂರು. ಒಂದೊಂದು ಕಲ್ಲು 32 ಕೆಜಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನೀವೂ ಮಾಡುವುದಾದರೆ ಮೊದಲು ಸೊಂಟದ ಬಗ್ಗೆ ಯೋಚಿಸಿ. ದಿನಕ್ಕೆ ಮೂವತ್ತು ಸಲ ಎತ್ತಿ ಇಳಿಸಬೇಕು.

ಕಲ್ಲಿನ ಒಂದು ಮುಖ ಕನ್ನಡಿ ಥರ ಪಾಲಿಶ್ ಆಗಿತ್ತು. ಅದು ನೋಡೋಕೆ ಮಾತ್ರ. ಡಯಲ್ (ಏರಿಳಿತವನ್ನು ಮುಳ್ಳಿನಲ್ಲಿ ತೋರಿಸುವ ಗೇಜ್) ಓಡಿಸಿದರೆ ಎಂಬತ್ತು ಮೈಕ್ರಾನ್ ಏರಿಳಿತ.

ಮೊದಲು ಮಾಡಿದ ದಡ್ಡತನ: ಮೂರು ಕಲ್ಲು ತಂದರೂ ಎರಡರಲ್ಲೇ ಶುರು ಮಾಡಿದೆ. ಮೂರನೇದು ಎತ್ತೋಕೆ ಬೇಜಾರು, ಅದು ಕೊನೆಗೆ ಚೆಕ್ ಮಾಡೋಕೆ ಅಂತ ಮೂಲೆಗಿಟ್ಟೆ. ಗುರುತಿಗೆ ಒಂದೊಂದಕ್ಕೂ ಬಣ್ಣದ ಚುಕ್ಕಿ ಇಟ್ಟಿದ್ದೆ. ಎರಡು ತಿಂಗಳು ಹಳದಿ ಚುಕ್ಕಿಯದನ್ನೂ ಕೆಂಪು ಚುಕ್ಕಿಯದನ್ನೂ ಒಂದಕ್ಕೊಂದು ಉಜ್ಜಿದೆ. ಒಂದಕ್ಕೆ ಬಣ್ಣ ಹಚ್ಚಿ ಇನ್ನೊಂದರ ಮೇಲಿಟ್ಟರೆ ಮೂಲೆಯಿಂದ ಮೂಲೆಗೆ ಸಮನಾಗಿ ಹತ್ತುತ್ತಿತ್ತು. ಅವತ್ತು ಎಲ್ಲರಿಗೂ ಬೈಟು ಕಾಫಿ ಕೊಡಿಸಿದೆ. ಮರುದಿನ ಪರಿಚಯದ ಕಂಪೆನಿಯ ಒಳ್ಳೆ ಪ್ಲೇಟ್ ಮೇಲೆ ಕವುಚಿ ಇಟ್ಟು ನೋಡಿದರೆ, ಒಂದು ತಟ್ಟೆ, ಇನ್ನೊಂದು ಅದರ ಮುಚ್ಚಳ. ಕೆಳಗಿಟ್ಟಿದ್ದು ಇಪ್ಪತ್ತು ಮೈಕ್ರಾನ್ ಉಬ್ಬಿತ್ತು, ಮೇಲಿಟ್ಟಿದ್ದು ಅಷ್ಟೇ ಹಳ್ಳ ಬಿದ್ದಿತ್ತು. ಒಂದಕ್ಕೊಂದು ಅಂಟಿಕೊಂಡಂತೆ ಕೂರುತ್ತಿದ್ದವು, ಎರಡೂ ಸುಳ್ಳು. ಮೇಲಿನದು ಹಳ್ಳ ಆಗುತ್ತೆ, ಕೆಳಗಿನದು ಗುಡ್ಡ ಆಗುತ್ತೆ ಅನ್ನೋದು ನಮಗೆಲ್ಲ ಗೊತ್ತಿರೋದೇ. ಗೊತ್ತಿದ್ದೂ ಮೇಲೆ ಕೆಳಗೆ ಬದಲಿಸೋಕೆ ಸೋಮಾರಿತನ ಮಾಡಿದ್ದೆ.

ಎಚ್‌ಎಂಟಿಯಲ್ಲಿ ಸ್ಕ್ರೇಪಿಂಗ್ (ಬೀಡನ್ನು ಕೈಯಲ್ಲಿ ಕೆರೆದು ಸಪಾಟ ಮಾಡೋ ಕೆಲಸ) ಮಾಡಿ ರಿಟೈರ್ ಆದ ಹಿರಿಯರೊಬ್ಬರು ನಮ್ಮ ಬೀದಿಯಲ್ಲಿ ಸಂಜೆ ವಾಕಿಂಗ್ ಬರುತ್ತಾರೆ. ಅವರಿಗೆ ತೋರಿಸಿದೆ. "ಮೂರನೇದು ಎಲ್ಲಪ್ಪಾ?" ಅಂತ ಒಂದೇ ಮಾತು ಕೇಳಿದರು. ಮೂಲೆ ತೋರಿಸಿದೆ. "ಇಂಗ್ಲೆಂಡಿನ ಎಂಜಿನಿಯರ್ ವಿಟ್‌ವರ್ತ್ 1840ರಲ್ಲೇ ಹೇಳಿ ಹೋಗಿದಾನೆ, ಬೀಡನ್ನ ಕೊನೇಲಿ ಉಜ್ಜಬೇಡ, ಕೆರಿ ಅಂತ. ನೀನು ಕಲ್ಲು ಉಜ್ತಾ ಇದೀಯ. ಆಗಲಿ, ಆದರೆ ಈ ಶೆಡ್ಡಲ್ಲಿ ಐದು ಮೈಕ್ರಾನ್ ಬರಲ್ಲ." ನಾನು "ಬರುತ್ತೆ ಸಾರ್" ಅಂದೆ. ಸುಮ್ನೆ ಅಂದಿದ್ದು, ಧೈರ್ಯ ಇರಲಿಲ್ಲ.

ಎರಡೇ ಆದರೆ ಗುಡ್ಡ ಹಳ್ಳ ಆಗಿಯೂ ಕೂರುತ್ತವೆ, ಮೂರೂ ಒಂದಕ್ಕೊಂದು ಕೂರಬೇಕಾದರೆ ಗುಡ್ಡ ಹಳ್ಳ ಉಳಿಯೋಕಾಗಲ್ಲ. ಹಾಗಾಗಿ ಮೂಲೆಯಲ್ಲಿದ್ದ ಬಿಳಿ ಚುಕ್ಕಿಯದನ್ನೂ ಸೇರಿಸಿ, ಮೂರನ್ನೂ ಸರದಿ ಪ್ರಕಾರ ಉಜ್ಜತೊಡಗಿದೆ. ಹಳದಿ ಮೇಲೆ ಕೆಂಪು, ಹಳದಿ ಮೇಲೆ ಬಿಳಿ, ಕೆಂಪಿನ ಮೇಲೆ ಬಿಳಿ. ಪ್ರತಿ ಸುತ್ತಿಗೂ ಮೇಲೆ ಕೆಳಗೆ ಅದಲು ಬದಲು, ಪ್ರತಿ ಸಲವೂ ತೊಂಬತ್ತು ಡಿಗ್ರಿ ತಿರುಗಿಸಬೇಕು. ತಿರುಗಿಸದಿದ್ದರೆ ಎದುರು ಬದುರು ಮೂಲೆ ಎದ್ದು ಹಪ್ಪಳದ ಥರ ಸೊಟ್ಟಗಾಗುತ್ತೆ, ಮೂರೂ ಒಂದಕ್ಕೊಂದು ಚೆನ್ನಾಗಿಯೇ ಕೂರುತ್ತವೆ, ಮೋಸ ಗೊತ್ತೇ ಆಗಲ್ಲ. ಕೆಂಪನ್ನು ಬಿಳಿಯ ಮೇಲೆ ಮೊದಲ ಸಲ ಇಟ್ಟಾಗ ಮೂಲೆಯನ್ನು ಒಂದು ಬೆರಳಲ್ಲಿ ತಳ್ಳಿದೆ. 32 ಕೆಜಿ ಕಲ್ಲು ಹೊಕ್ಕುಳ ಊರಿಕೊಂಡು ಬುಗುರಿ ಹಾಗೆ ಮೆಲ್ಲಗೆ ತಿರುಗಿತು. ಎರಡೂ ಗುಡ್ಡ. ಅಲ್ಲಿಂದ ಮೂರು ವಾರದಲ್ಲಿ ತಿರುಗುವುದು ನಿಂತಿತು.

ಉಜ್ಜುವ ಪುಡಿ ವಿಷಯ. ಸಿಲಿಕಾನ್ ಕಾರ್ಬೈಡ್, 80ರಿಂದ ಶುರು, ಆಮೇಲೆ 120, 220, 400, 600, 1000. ನಂಬರ್ ಏರಿದಷ್ಟೂ ಪುಡಿ ಸಣ್ಣ. ನಾನು ತಂದಾಗ ಕೆಜಿಗೆ ಇನ್ನೂರರ ಆಸುಪಾಸು ಇತ್ತು, ಸಣ್ಣ ಪುಡಿಗೆ ಸ್ವಲ್ಪ ಜಾಸ್ತಿ. ಒಟ್ಟು ಹನ್ನೆರಡು ಕೆಜಿ ಹೋಗಿರಬಹುದು. ಒಂದು ಚಮಚ ಪುಡಿ, ನೀರು, ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಹನಿ. ಶುರುವಿನಲ್ಲಿ ಕರಕರ ಅನ್ನುತ್ತೆ, ನಾಲ್ಕೈದು ನಿಮಿಷಕ್ಕೆ ಸುಯ್ ಅನ್ನುತ್ತೆ. ಸುಯ್ ಅಂದ ಮೇಲೆ ಉಜ್ಜಿದರೆ ನಿಮ್ಮ ತೋಳು ಮಾತ್ರ ಸವೆಯೋದು.

ಇಲ್ಲಿ ಇನ್ನೂರು ರೂಪಾಯಿ ಉಳಿಸೋಕೆ ಹೋಗಿ ಒಂದು ತಿಂಗಳು ಕಳಕೊಂಡೆ. ಮುರಿದ ಬೆಂಚ್ ಗ್ರೈಂಡರ್ ವೀಲು ಇತ್ತಲ್ಲ, ಅದನ್ನು ಕುಟ್ಟಿ, ಮನೆಯ ರವೆ ಜರಡಿಯಲ್ಲಿ ಸೋಸಿ ಪುಡಿ ಮಾಡಿದೆ. ಸಣ್ಣದೂ ದಪ್ಪದೂ ಎಲ್ಲ ಸೇರಿಕೊಂಡಿತ್ತು. 400ಕ್ಕೆ ಬಂದಿದ್ದ ಕಲ್ಲಿನ ಮೇಲೆ ಉಗುರಿಗೆ ಸಿಗುವಂಥ ಗೀರು. ಮತ್ತೆ 120ಕ್ಕೆ ವಾಪಸ್. ಜರಡಿ ಹಾಳಾಗಿದ್ದಕ್ಕೆ ಮನೆಯಲ್ಲಿ ಆದದ್ದು ಬೇರೆ.

ಇನ್ನೊಂದು ಸಲ 600ರಲ್ಲಿ ಎಲ್ಲ ಸರಿಯಿದ್ದಾಗ ದಿನಕ್ಕೊಂದು ಗೀರು ಬೀಳತೊಡಗಿತು. ಬಕೆಟ್ ಬದಲಿಸಿದೆ, ಬಟ್ಟೆ ಬದಲಿಸಿದೆ, ಬೇರೆ ಡಬ್ಬದ ಪುಡಿ ತಂದೆ. ಹದಿನೈದು ದಿನ ತಲೆ ಕೆಟ್ಟಿತು. ಕೊನೆಗೆ ಸ್ಟೀಲ್ ಲೋಟದಲ್ಲಿ ನೀರು ಹಿಡಿದು ರಾತ್ರಿ ಬಿಟ್ಟೆ. ಬೆಳಗ್ಗೆ ತಳದಲ್ಲಿ ನಾಲ್ಕು ಕಾಳು ಮರಳು. ಆ ತಿಂಗಳು ಕಾವೇರಿ ನೀರು ಸರಿಯಾಗಿ ಬರದೆ ಟ್ಯಾಂಕರ್ ಹಾಕಿಸಿದ್ದೆವು! ಅವತ್ತಿನಿಂದ 400ರ ಮೇಲೆ ಎಲ್ಲದಕ್ಕೂ ಕುಡಿಯೋ ನೀರಿನ ಕ್ಯಾನು. ಹುಡುಗ ಕ್ಯಾನ್ ತಂದಾಗ "ಅಣ್ಣ, ಕಲ್ಲಿಗೆ ಬಿಸ್ಲೇರಿನಾ?" ಅಂತ ನಕ್ಕ. ನಗಲಿ ಬಿಡಿ.

ಬಳಸಿದ ಪುಡಿಯನ್ನು ನಾನು ಎಸೆಯಲ್ಲ. ನೀರಲ್ಲಿ ಕಲಕಿ, ಅಕ್ಕಿ ತೊಳೆದ ನೀರು ಬಗ್ಗಿಸುವ ಹಾಗೆ ಮೇಲಿನದನ್ನು ಬಗ್ಗಿಸಿ ಇಟ್ಟುಕೊಂಡರೆ, ಅಂಗಡಿಯ 1000ಕ್ಕಿಂತ ಸಣ್ಣದು ಸಿಗುತ್ತೆ. ಎಷ್ಟು ಹೊತ್ತು ಬಿಟ್ಟು ಬಗ್ಗಿಸಬೇಕು ಅನ್ನೋದನ್ನು ಮಾತ್ರ ಕೇಳಬೇಡಿ. ಎರಡು ತಿಂಗಳು ನೀರು ಚೆಲ್ಲಿ ಕಲಿತದ್ದು.

ಎಲ್ಲಿ ತಾಗುತ್ತಿದೆ ಅಂತ ನೋಡೋಕೆ ಹಚ್ಚುವ ನೀಲಿ ಬಣ್ಣ, ನಾವು ಬ್ಲೂ ಅನ್ನೋದು, ಕರಿ ಕಲ್ಲಿನ ಮೇಲೆ ಕಾಣಲ್ಲ. ಬೀಡು ಕೆರೆದು ಅಭ್ಯಾಸ ಇರುವವರು ಇಲ್ಲಿ ಎಡವುತ್ತಾರೆ, ನಾನೂ ಎಡವಿದೆ. ಹರಳೆಣ್ಣೆಯಲ್ಲಿ ಕುಂಕುಮ ಕಲಸಿ ನೋಡಿದೆ, ತರಿ ತರಿ. ಸ್ಟೇಷನರಿ ಅಂಗಡಿಯ ಬಿಳಿ ಆಯಿಲ್ ಪೇಂಟ್ ಟ್ಯೂಬು ಸರಿಹೋಯಿತು. ಅದಕ್ಕೆ ಏನೋ ಒಂದು ಸೇರಿಸುತ್ತೇನೆ, ಇಲ್ಲದಿದ್ದರೆ ಪದರ ದಪ್ಪ ಆಗುತ್ತೆ. ಅದೂ ನನ್ನ ಹತ್ತಿರವೇ ಇರಲಿ.

ಬಣ್ಣ ನಂಬಿದ್ದು 600ರವರೆಗೆ. ಆಮೇಲೆ ಡಯಲ್ಲೇ. ಹದಿನಾರು ಎಂಎಂ ಪ್ಲೇಟಿನ ತುಂಡಿಗೆ ಎರಡು ಗಟ್ಟಿ ಕಾಲು, ಹಳೆ ಬ್ಯಾಂಡ್‌ಸಾ ಬ್ಲೇಡಿನ ಪಟ್ಟಿಯ ಮೇಲೆ ಆಡುವ ಮೂರನೇ ಕಾಲು, ಅದರ ನೆತ್ತಿಗೆ ಮೈಕ್ರಾನ್ ಡಯಲ್. ಇಂಥದ್ದನ್ನು ಕೊಂಡರೆ ಕೈ ಸುಡುತ್ತೆ. ನನಗೆ ಡಯಲ್ ಬಿಟ್ಟರೆ ಮುನ್ನೂರು ರೂಪಾಯಿ ಆಯಿತು. ಡಯಲ್ ಎಸ್‌ಪಿ ರೋಡಿನ ಸೆಕೆಂಡ್ ಹ್ಯಾಂಡ್ ಮಾಲು.

ಆ ಗೇಜ್ ಇಟ್ಟ ಮೇಲೆಯೇ ಬಿಸಿಯ ಕಥೆ ಗೊತ್ತಾಗಿದ್ದು. ಮಧ್ಯಾಹ್ನ ಉಬ್ಬಿದ್ದ ಕಲ್ಲು ಬೆಳಗ್ಗೆ ಸಪಾಟ. ನಾನು ಆ ಉಬ್ಬನ್ನು ಉಜ್ಜಿ ತೆಗೆಯುತ್ತಿದ್ದೆ, ರಾತ್ರಿ ಅದು ಹಳ್ಳ ಆಗುತ್ತಿತ್ತು. ನಮ್ಮ ಅಳತೆಗೆ, ಮೇಲಿನ ಮುಖ ಕೆಳಗಿನದಕ್ಕಿಂತ ಎರಡು ಡಿಗ್ರಿ ಬಿಸಿಯಾದರೆ ಮೂರು ಮೈಕ್ರಾನಿನಷ್ಟು ಉಬ್ಬುತ್ತೆ. ಏಪ್ರಿಲ್‌ನಲ್ಲಿ ತಗಡಿನ ಕೆಳಗೆ ಎರಡು ಡಿಗ್ರಿ ಯಾವ ಲೆಕ್ಕ? ಕೈಯ ಬಿಸಿ, ಉಜ್ಜಿದ ಬಿಸಿ ಬೇರೆ. ಆಮೇಲಿಂದ ಸಂಜೆ ಉಜ್ಜುವುದು, ತೊಳೆದು ಮೂರು ರಬ್ಬರ್ ಕಾಲಿನ ಮೇಲಿಟ್ಟು ಹೋಗುವುದು, ಬೆಳಗ್ಗೆ ಐದೂವರೆಗೆ ಬಂದು ಅಳೆಯುವುದು. ಆರೂವರೆ ದಾಟಿದರೆ ಡಯಲ್ ಮುಟ್ಟಲ್ಲ. ಐದು ತಿಂಗಳು ಹೀಗೆ. ನಮ್ಮ ಬೀದಿಯ ನಾಯಿಗಳಿಗೆ ನನ್ನ ಸ್ಕೂಟರ್ ಶಬ್ದ ಅಭ್ಯಾಸ ಆಯಿತು.

ಹೇಳೋಕೆ ಮರೆತೆ, ಅಂಚು. ಉಜ್ಜುವ ಮೊದಲು ಅಂಚಿನ ಚೂಪನ್ನು ಕೈಕಲ್ಲಿನಲ್ಲಿ ತೀಡಿ ಮೊಂಡು ಮಾಡಲೇಬೇಕು. ನಾನು ಬಿಳಿ ಕಲ್ಲಿಗೆ ಮರೆತಿದ್ದೆ, ಮೂಲೆಯ ಚಕ್ಕೆ ಎದ್ದು ಎರಡರ ನಡುವೆ ಸಿಕ್ಕಿಕೊಂಡು ಉದ್ದಕ್ಕೂ ಉಳುಮೆ ಮಾಡಿತು. ಮತ್ತೆ, ಎರಡು ಕಲ್ಲನ್ನು ಹಸಿಯಾಗಿ ಒಂದರ ಮೇಲೊಂದು ಬಿಟ್ಟು ಮನೆಗೆ ಹೋಗಬೇಡಿ. ಬೆಳಗ್ಗೆ ಬಿಡಿಸೋಕೆ ಆಗಲ್ಲ. ನಾವು ಮೂವರು ಸೋಪಿನ ನೀರು ಸುರಿದು, ಮರದ ತುಂಡಿಟ್ಟು ಬಡಿದು ಜಾರಿಸಿದೆವು.

ಧೂಳಿನ ಬಗ್ಗೆ ತಮಾಷೆ ಬೇಡ. ಒಣಗಿದ ಕೆಸರನ್ನು ಗುಡಿಸಬೇಡಿ, ಹಸಿ ಇದ್ದಾಗಲೇ ಒರೆಸಿ. ಕೆಜಿಎಫ್ ಕಡೆಯವರು ಯಾರಾದರೂ ಪರಿಚಯ ಇದ್ದರೆ ಸಿಲಿಕೋಸಿಸ್, ಅಂದರೆ ಕಲ್ಲಿನ ಧೂಳಿಂದ ಬರುವ ಶ್ವಾಸಕೋಶದ ಕಾಯಿಲೆ, ಹೇಗಿರುತ್ತೆ ಅಂತ ಕೇಳಿ.

ನಡುವೆ ಕೈ ಸುಮ್ಮನಿರದೆ ಮಾಡಿದ ಬೇರೆ ಪ್ರಯೋಗಗಳೂ ಇವೆ. ಕನ್ನಡಿ ಅಂಗಡಿಯ ಹತ್ತು ಎಂಎಂ ಗಾಜಿನ ಮೇಲೆ ಪುಡಿ ಹಾಕಿ ಪಂಪಿನ ಸೀಲ್ ಮುಖ ಉಜ್ಜಿದೆ. ಕೂತುಕೊಂಡಿತು, ಲೀಕ್ ನಿಂತಿತು, ನೂರೈವತ್ತು ಸಿಕ್ಕಿತು. ಅದೇ ಗಾಜಿನಲ್ಲಿ ಎಂಟು ಇಂಚಿನ ಡೈ ಪ್ಲೇಟ್ ಉಜ್ಜಿದರೆ ಗಾಜೇ ಬಾಗಿತು. ಮೆದು ಉಕ್ಕನ್ನು ಕಲ್ಲಿನ ಮೇಲೆ ನೇರ ಪುಡಿ ಹಾಕಿ ಉಜ್ಜಿದೆ. ಪುಡಿ ಉಕ್ಕಿಗೆ ನೆಟ್ಟುಕೊಂಡು ಅದೇ ಅರ ಆಯಿತು, ಕಲ್ಲನ್ನೇ ಕೆರೆಯಿತು. ಹಿರಿಯರು ಹೇಳಿದ ವಿಟ್‌ವರ್ತ್ ಮಾತು ಆಗ ತಲೆಗೆ ಹೋಯಿತು.

ಅಮ್ಮ ಒಂದು ದಿನ ಶೆಡ್ಡಿಗೆ ಬಂದು ನೋಡಿದರು. "ಬೀಸೋ ಕಲ್ಲಿಗೆ ಕಕ್ಕು ಹೊಡೆಯೋನು ನುಣ್ಣಗಿರೋದನ್ನ ತರಿ ಮಾಡಿ ದುಡ್ಡು ತಗೊಂಡು ಹೋಗ್ತಿದ್ದ. ನೀನು ತರಿ ಇರೋದನ್ನ ನುಣ್ಣಗೆ ಮಾಡಿ ಕೈಯಿಂದ ಹಾಕ್ತಿದೀಯಲ್ಲೋ" ಅಂದರು. ಉತ್ತರ ಇರಲಿಲ್ಲ.

ಲೆಕ್ಕ ಹೇಳಿಬಿಡುತ್ತೇನೆ. ಕಲ್ಲು, ಸಾಗಣೆ, ಪುಡಿ, ನೀರಿನ ಕ್ಯಾನು, ಗೇಜು, ಹಾಳಾದ ಜರಡಿ, ಕ್ಯಾಲಿಬ್ರೇಷನ್ ಎಲ್ಲ ಸೇರಿ ಹದಿಮೂರು ಸಾವಿರ ಇರಬಹುದು. ನನ್ನ ಕೂಲಿ ಹಾಕಿಲ್ಲ. ಹಾಕಿದರೆ ಇದನ್ನು ಬರೆಯೋ ಮುಖ ಇರಲ್ಲ. ಆದರೆ ಒಂದರ ಬದಲು ಮೂರು ಪ್ಲೇಟ್ ಆದವು. ಹಳದಿ ನಾಲ್ಕು ಮೈಕ್ರಾನ್, ಕೆಂಪೂ ಹೆಚ್ಚು ಕಡಿಮೆ ಅಷ್ಟೇ, ಮೂಲೆ ಒಡೆದ ಬಿಳಿ ಆರು.

ಹಿರಿಯರು ಕನ್ನಡಕ ಹಾಕಿಕೊಂಡು ರಿಪೋರ್ಟನ್ನು ಎರಡು ಸಲ ಓದಿದರು. ಆಮೇಲೆ ರಿಪೋರ್ಟ್ ಪಕ್ಕಕ್ಕಿಟ್ಟು, ನನ್ನ ಗೇಜನ್ನು ಹಳದಿ ಕಲ್ಲಿನ ಮೇಲೆ ತಾವೇ ಓಡಿಸಿದರು. ಮುಳ್ಳು ಅಲ್ಲಾಡಿತು ಅನ್ನೋಕೂ ಇಲ್ಲ. "ಮೂಲೆ ಹತ್ರ ಒಂದು ಮೈಕ್ರಾನ್ ಇಳಿದಿದೆ" ಅಂದರು. ಇಳಿದಿದೆ, ನಿಜ.

ಕೆಂಪನ್ನು ಪಕ್ಕದ ಶೆಡ್ಡಿನವರು ಏಳು ಸಾವಿರಕ್ಕೆ ತಗೊಂಡರು, ಎರಡು ಕಂತು. ಬಿಳಿಯನ್ನೂ ಕೇಳಿದರು, ಕೊಡಲಿಲ್ಲ. ಕೆಂಪು ಸವೆದು ಅವರು ವಾಪಸ್ ತಂದಾಗ ಉಜ್ಜೋಕೆ ನನಗೆ ಮೂರು ಕಲ್ಲು ಬೇಕಲ್ಲ.