ಅಪ್‌ಡೇಟ್ ನಿಂತ ಫೋನಿಗೆ ಹೊಸ ಆಂಡ್ರಾಯ್ಡ್ ಹಾಕುವುದು ಹೇಗೆ?

ಫೋನ್ ಚೆನ್ನಾಗಿಯೇ ಇದೆ. ಸ್ಕ್ರೀನ್ ಒಡೆದಿಲ್ಲ, ಕ್ಯಾಮೆರಾ ಓಕೆ, ಬ್ಯಾಟರಿಯೂ ಪರವಾಗಿಲ್ಲ. ಆದರೆ ಕಂಪನಿಯಿಂದ ಅಪ್‌ಡೇಟ್ ಬರುವುದು ನಿಂತು ಎಷ್ಟೋ ಕಾಲವಾಗಿದೆ. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಪ್ಯಾಚ್‌ನ ದಿನಾಂಕ ನೋಡಿದರೆ ಹಳೇ ಕ್ಯಾಲೆಂಡರ್ ನೋಡಿದ ಹಾಗಾಗುತ್ತದೆ. ಒಂದೊಂದೇ ಆ್ಯಪ್ ‘ನಿಮ್ಮ ಫೋನಿಗೆ ಇದು ಹೊಂದುವುದಿಲ್ಲ’ ಎನ್ನತೊಡಗಿದೆ. ಆಗ ಗೊತ್ತಿದ್ದವರು ಯಾರಾದರೂ ಹೇಳುತ್ತಾರೆ: ‘ರೂಟ್ ಮಾಡ್ಬಿಡು, ಸರಿಹೋಗುತ್ತೆ.’

ಈ ಸಲಹೆ ಅರ್ಧ ಮಾತ್ರ ಸರಿ. ರೂಟ್ ಮಾಡುವುದು ಬೇರೆ, ಕಸ್ಟಮ್ ರಾಮ್ (ROM) ಹಾಕುವುದು ಬೇರೆ. ಆಂಡ್ರಾಯ್ಡ್‌ನ ಬುಡದಲ್ಲಿರುವುದು ಲಿನಕ್ಸ್. ಅದರಲ್ಲಿ ಎಲ್ಲ ಫೈಲ್‌ಗಳ ಮೇಲೂ ಅಧಿಕಾರವಿರುವ ಬಳಕೆದಾರನ ಹೆಸರು ‘ರೂಟ್’. ಫೋನ್ ಕಂಪನಿಗಳು ಆ ಅಧಿಕಾರವನ್ನು ನಮಗೆ ಕೊಡುವುದಿಲ್ಲ, ನಾವೇ ಪಡೆದುಕೊಂಡರೆ ಅದು ರೂಟ್ ಮಾಡಿದಂತೆ. ಇಷ್ಟರಿಂದ ಆಂಡ್ರಾಯ್ಡ್ ಹೊಸದಾಗುವುದಿಲ್ಲ, ಹಳೆಯದೇ ಇರುತ್ತದೆ. ಕಸ್ಟಮ್ ರಾಮ್ ಎಂದರೆ ಕಂಪನಿ ಕೊಟ್ಟ ಇಡೀ ಸಿಸ್ಟಂ ತೆಗೆದು ಬೇರೆಯವರು ತಯಾರಿಸಿದ ಆಂಡ್ರಾಯ್ಡ್ ಕೂರಿಸುವುದು. ಅಪ್‌ಡೇಟ್ ನಿಂತ ಫೋನಿಗೆ ಬೇಕಾಗಿರುವುದು ಇದು. ಇದಕ್ಕೆ ರೂಟ್ ಬೇಕೇ ಬೇಕು ಎಂದೇನಿಲ್ಲ. ಹಾಗಾಗಿ ಈ ಲೇಖನದಲ್ಲಿ ಮೊದಲು ರಾಮ್, ಕೊನೆಗೆ ಬೇಕಿದ್ದವರಿಗೆ ಮಾತ್ರ ರೂಟ್.

ಆಂಡ್ರಾಯ್ಡ್‌ನ ಮೂಲ ಕೋಡ್ ಅನ್ನು ಗೂಗಲ್ ಎಲ್ಲರಿಗೂ ತೆರೆದಿಟ್ಟಿರುವುದರಿಂದ ಇದೆಲ್ಲ ಸಾಧ್ಯವಾಗಿದೆ. 2009ರಲ್ಲಿ ಶುರುವಾದ ಸಯನೋಜೆನ್‌ಮಾಡ್ ಎಂಬ ಕಸ್ಟಮ್ ರಾಮ್ ಬಹಳ ಜನಪ್ರಿಯವಾಗಿತ್ತು. 2016ರ ಕೊನೆಗೆ ಅದು ನಿಂತಾಗ ಅದೇ ಕೋಡ್ ಇಟ್ಟುಕೊಂಡು ಲೀನಿಯೇಜ್‌ಒಎಸ್ ಹುಟ್ಟಿತು. ಮೊದಲ ಸಲ ಕೈಹಾಕುವವರಿಗೆ ನಾನು ಸೂಚಿಸುವುದು ಇದನ್ನೇ. ಪ್ರತಿ ಫೋನಿಗೂ ಪ್ರತ್ಯೇಕ ಸೂಚನೆ ಬರೆದಿಟ್ಟಿದ್ದಾರೆ. ರೂಟ್ ಇಲ್ಲದೆಯೇ ಬರುತ್ತದೆ, ಬೇಡದ ಆ್ಯಪ್‌ಗಳ ಕಾಟವೂ ಇಲ್ಲ.

ಒಂದು ಮಿತಿ ಗೊತ್ತಿರಲಿ. ಮೋಡೆಮ್, ಗ್ರಾಫಿಕ್ಸ್ ಮುಂತಾದ ಚಿಪ್‌ಗಳ ಒಳಗಿನ ಸಾಫ್ಟ್‌ವೇರ್ ಅನ್ನು ಆಯಾ ಕಂಪನಿಯೇ ಕೊಡಬೇಕು. ಅದು ಹಳೆಯದಾಗಿಯೇ ಉಳಿಯುತ್ತದೆ. ಫೋನ್ ಮೊದಲಿಗಿಂತ ಸುರಕ್ಷಿತ ಆಗುತ್ತದೆ ನಿಜ, ಹೊಸ ಫೋನಿನಷ್ಟು ಅಲ್ಲ.

ಮೊದಲು ಫೋನಿನ ನಿಜವಾದ ಹೆಸರು ತಿಳಿಯಿರಿ

ಬಾಕ್ಸ್ ಮೇಲಿನ ಹೆಸರು ನಂಬಬೇಡಿ. ರೆಡ್ಮಿ ನೋಟ್ 4 ಹೆಸರಿನಲ್ಲೇ ಎರಡು ಬೇರೆ ಬೇರೆ ಫೋನ್‌ಗಳಿವೆ. ಸ್ನಾಪ್‌ಡ್ರ್ಯಾಗನ್ ಚಿಪ್ ಇರುವುದರ ಕೋಡ್‌ನೇಮ್ (ತಯಾರಕರು ಇಟ್ಟುಕೊಂಡ ಒಳಹೆಸರು) ‘ಮಿಡೊ’, ಮೀಡಿಯಾಟೆಕ್ ಚಿಪ್ ಇರುವುದು ‘ನಿಕೆಲ್’. ಒಂದರ ರಾಮ್ ಇನ್ನೊಂದಕ್ಕೆ ಹಾಕಿದರೆ ಫೋನ್ ಏಳುವುದೇ ಇಲ್ಲ. ಗ್ಯಾಲಕ್ಸಿ ಎಸ್3 ಕೂಡ ಹೀಗೆಯೇ, ಅಮೆರಿಕದಲ್ಲಿ ಮಾರಿದ್ದು ಬೇರೆ ಚಿಪ್, ಉಳಿದ ಬಹುತೇಕ ಕಡೆ ಬೇರೆ. ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ನಲ್ಲಿ ಮಾಡೆಲ್ ನಂಬರ್ ನೋಡಿ, ಅದರ ಕೋಡ್‌ನೇಮ್ ಹುಡುಕಿ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದೆ ರಾಮ್ ಡೌನ್‌ಲೋಡ್ ಮಾಡುವಾಗ ಫೈಲಿನ ಹೆಸರಿನಲ್ಲಿ ಅದು ಇದೆಯಾ ಎಂದು ನೋಡಬೇಕು.

ಆಮೇಲೆ ಎರಡು ಪ್ರಶ್ನೆ. ಈ ಕೋಡ್‌ನೇಮ್‌ಗೆ ರಾಮ್ ಇದೆಯಾ? ಇದರ ಬೂಟ್‌ಲೋಡರ್ ಅನ್‌ಲಾಕ್ ಆಗುತ್ತದಾ? ಫೋನ್ ಆನ್ ಆದಾಗ ಮೊದಲು ಏಳುವ ಪ್ರೋಗ್ರಾಂ ಬೂಟ್‌ಲೋಡರ್. ಅನ್‌ಲಾಕ್ ಮಾಡದ ಹೊರತು ಕಂಪನಿ ಸಹಿ ಮಾಡದ ಸಾಫ್ಟ್‌ವೇರನ್ನು ಅದು ಒಳಗೆ ಬಿಡುವುದಿಲ್ಲ. ಹುವಾವೇ 2018ರಲ್ಲಿ ಅನ್‌ಲಾಕ್ ಕೋಡ್ ಕೊಡುವುದನ್ನೇ ನಿಲ್ಲಿಸಿತು. ಅಮೆರಿಕದ ಮೊಬೈಲ್ ಕಂಪನಿಗಳ ಮೂಲಕ ಮಾರಾಟವಾದ ಎಷ್ಟೋ ಫೋನ್‌ಗಳಲ್ಲೂ ಈ ಬಾಗಿಲು ಮುಚ್ಚಿದೆ. ಎರಡರಲ್ಲಿ ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಇಲ್ಲಿಗೇ ನಿಲ್ಲಿಸಿ. ಸುಮ್ನೆ ಹಟ ಮಾಡಿ ಪ್ರಯೋಜನವಿಲ್ಲ.

ಏನೇನು ಹೋಗುತ್ತದೆ?

ಅನ್‌ಲಾಕ್ ಮಾಡಿದ ಕೂಡಲೇ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಫೋಟೊ, ಕಾಂಟ್ಯಾಕ್ಟ್ಸ್ ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು ಎರಡನ್ನು: ವಾಟ್ಸ್‌ಆ್ಯಪ್ ಚಾಟ್ ಬ್ಯಾಕಪ್ ಮತ್ತು ಲಾಗಿನ್ ಕೋಡ್ ಕೊಡುವ ಆಥೆಂಟಿಕೇಟರ್ ಆ್ಯಪ್. ಎರಡನೆಯದನ್ನು ಬೇರೆ ಫೋನಿಗೆ ವರ್ಗಾಯಿಸದೆ ಮುಂದೆ ಹೋದರೆ ನಿಮ್ಮದೇ ಖಾತೆಗಳ ಹೊರಗೆ ನೀವು ನಿಂತಿರುತ್ತೀರಿ.

ಬ್ಯಾಂಕ್ ಆ್ಯಪ್‌ಗಳ ಕಥೆ ಬೇರೆ. ಫೋನ್ ಕಂಪನಿಯಿಂದ ಬಂದ ಸ್ಥಿತಿಯಲ್ಲೇ ಇದೆಯಾ ಎಂದು ಅವು ಗೂಗಲ್‌ನ ಪ್ಲೇ ಇಂಟೆಗ್ರಿಟಿ ಮೂಲಕ ಕೇಳುತ್ತವೆ. ಬೂಟ್‌ಲೋಡರ್ ತೆರೆದಿದ್ದರೆ ಕೆಲವು ಆ್ಯಪ್‌ಗಳು ಓಡುತ್ತವೆ, ಕೆಲವು ಬಿಲ್‌ಕುಲ್ ಓಡುವುದಿಲ್ಲ. ಇದನ್ನು ತಪ್ಪಿಸುವ ದಾರಿಗಳು ಇಂದು ಇದ್ದದ್ದು ನಾಳೆ ಇರುವುದಿಲ್ಲ. ಹಣದ ವ್ಯವಹಾರಕ್ಕೆ ಇದೊಂದೇ ಫೋನ್ ಇದ್ದರೆ ಈ ಸಾಹಸ ಬೇಡ ಎಂಬುದೇ ನನ್ನ ಅಭಿಪ್ರಾಯ. ಮನೆಯಲ್ಲಿ ಬಿದ್ದಿರುವ ಎರಡನೇ ಫೋನ್ ಆದರೆ ಧಾರಾಳವಾಗಿ ಮಾಡಿ. ಕೆಲವು ಫೋನ್‌ಗಳಲ್ಲಿ ವಿಡಿಯೊ ನಕಲು ತಡೆಯುವ ವೈಡ್‌ವೈನ್ ವ್ಯವಸ್ಥೆಯ ಎಲ್1 ದರ್ಜೆ ಎಲ್3ಗೆ ಇಳಿದು, ಸಿನಿಮಾ ಆ್ಯಪ್‌ಗಳಲ್ಲಿ ಎಚ್‌ಡಿ ಸಿಗುವುದಿಲ್ಲ. ಸ್ಯಾಮ್‌ಸಂಗ್‌ನಲ್ಲಿ ನಾಕ್ಸ್ ಎಂಬ ಗುರುತು ಚಿಪ್‌ನಲ್ಲೇ ಶಾಶ್ವತವಾಗಿ ಬದಲಾಗುತ್ತದೆ. ಆಮೇಲೆ ಕಂಪನಿಯ ಸಾಫ್ಟ್‌ವೇರ್ ವಾಪಸ್ ಹಾಕಿದರೂ ಸೆಕ್ಯೂರ್ ಫೋಲ್ಡರ್ ಮರಳುವುದಿಲ್ಲ.

ಇಷ್ಟಕ್ಕೂ ಒಪ್ಪಿಗೆ ಇದ್ದರೆ ಮುಂದೆ ಹೋಗೋಣ.

ತಯಾರಿ

ಒಂದು ಕಂಪ್ಯೂಟರ್ ಬೇಕು. ಡೇಟಾ ಹೋಗುವ ಕೇಬಲ್ ಬೇಕು, ಚಾರ್ಜ್ ಮಾತ್ರ ಮಾಡುವ ಕೇಬಲ್‌ಗಳೂ ಇರುತ್ತವೆ, ಹುಷಾರು. ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ತುಂಬಿರಲಿ. ಗೂಗಲ್‌ನ ‘ಪ್ಲಾಟ್‌ಫಾರ್ಮ್ ಟೂಲ್ಸ್’ ಎಂಬ ಜಿಪ್ ಫೈಲ್ ಇಳಿಸಿಕೊಳ್ಳಿ. ಕಂಪ್ಯೂಟರಿನಿಂದ ಫೋನಿಗೆ ಕಮಾಂಡ್ ಕೊಡುವ ಎಡಿಬಿ (adb), ಫಾಸ್ಟ್‌ಬೂಟ್ (fastboot) ಎಂಬ ಎರಡು ಸಾಧನ ಅದರಲ್ಲಿವೆ. ವಿಂಡೋಸ್ ಆದರೆ ಫೋನಿನ ಯುಎಸ್‌ಬಿ ಡ್ರೈವರ್ ಕೂಡ ಬೇಕಾಗಬಹುದು.

ಫೈಲ್‌ಗಳನ್ನು ಈಗಲೇ ತಂದಿಟ್ಟುಕೊಳ್ಳಿ: ರಾಮ್‌ನ ಜಿಪ್, ರಿಕವರಿ ಇಮೇಜ್ (ಏನೆಂದು ಮುಂದೆ ಹೇಳುತ್ತೇನೆ), ಪ್ಲೇ ಸ್ಟೋರ್ ಬೇಕಿದ್ದರೆ ಜಿಆ್ಯಪ್ಸ್ ಎಂಬ ಗೂಗಲ್ ಆ್ಯಪ್‌ಗಳ ಕಟ್ಟು, ಜೊತೆಗೆ ಕಂಪನಿಯ ಮೂಲ ಫರ್ಮ್‌ವೇರ್, ಅಂದರೆ ಫೋನ್ ಜೊತೆ ಬಂದ ಸಿಸ್ಟಂ. ಕೊನೆಯದು ಆಪದ್ಧನ. ಜಿಆ್ಯಪ್ಸ್ ಆರಿಸುವಾಗ ಆಂಡ್ರಾಯ್ಡ್ ಆವೃತ್ತಿಯೂ ಚಿಪ್‌ನ ಬಗೆಯೂ ರಾಮ್‌ಗೆ ಹೊಂದಬೇಕು. 64 ಬಿಟ್ ರಾಮ್ ಆದರೆ ‘ಆರ್ಮ್64’, ಇಲ್ಲವಾದರೆ ‘ಆರ್ಮ್’. ಡೌನ್‌ಲೋಡ್ ಪುಟದಲ್ಲಿ ಎಸ್‌ಎಚ್‌ಎ256 ಎಂಬ ಉದ್ದ ಸಂಖ್ಯೆ ಇರುತ್ತದೆ. ನಿಮ್ಮ ಫೈಲಿನದೂ ಅದೇ ಬಂದರೆ ಫೈಲ್ ಪೂರ್ತಿ ಇಳಿದಿದೆ ಎಂದರ್ಥ. ಬೇಸರವಾದರೂ ನೋಡಿಯೇ ಮುಂದೆ ಹೋಗಿ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಈ ಕೆಲಸದಲ್ಲಿ ಅಕ್ಷರಶಃ ನಿಜ.

ಅನ್‌ಲಾಕ್

‘ಅಬೌಟ್ ಫೋನ್’ನಲ್ಲಿ ‘ಬಿಲ್ಡ್ ನಂಬರ್’ ಮೇಲೆ 7 ಸಲ ಒತ್ತಿ. ‘ಡೆವಲಪರ್ ಆಪ್ಷನ್ಸ್’ ತೆರೆದುಕೊಳ್ಳುತ್ತದೆ. ಅದರಲ್ಲಿ ‘ಒಇಎಂ ಅನ್‌ಲಾಕಿಂಗ್’ ಮತ್ತು ‘ಯುಎಸ್‌ಬಿ ಡಿಬಗಿಂಗ್’ ಎರಡನ್ನೂ ಆನ್ ಮಾಡಿ. ಸ್ಕ್ರೀನ್ ಲಾಕ್ ಮತ್ತು ಗೂಗಲ್ ಖಾತೆಯನ್ನು ತೆಗೆದುಹಾಕಿ. ಇಲ್ಲದಿದ್ದರೆ ಯಾವತ್ತಾದರೂ ಮೂಲ ಸಾಫ್ಟ್‌ವೇರ್‌ಗೆ ಮರಳಿದಾಗ ಫೋನ್ ಹಳೇ ಪಾಸ್‌ವರ್ಡ್ ಕೇಳುತ್ತಾ ಕೂರಬಹುದು.

ಈಗ ಕೇಬಲ್ ಹಾಕಿ, ಪ್ಲಾಟ್‌ಫಾರ್ಮ್ ಟೂಲ್ಸ್ ಫೋಲ್ಡರ್‌ನಲ್ಲಿ ಕಮಾಂಡ್ ವಿಂಡೋ ತೆರೆಯಿರಿ. ಕಮಾಂಡ್‌ಗಳನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಮೊದಲನೆಯದು ‘ಎಡಿಬಿ ಡಿವೈಸಸ್’. ಫೋನಿನ ಸೀರಿಯಲ್ ನಂಬರ್ ಮುಂದೆ ‘ಅನ್‌ಆಥರೈಸ್ಡ್’ ಎಂದು ಬಂದರೆ ಗಾಬರಿ ಬೇಡ. ಫೋನ್ ಸ್ಕ್ರೀನ್ ನೋಡಿ, ಈ ಕಂಪ್ಯೂಟರಿಗೆ ಅನುಮತಿ ಕೊಡಲಾ ಎಂದು ಕೇಳುವ ಚೌಕ ಅಲ್ಲಿ ಕಾಯುತ್ತಿರುತ್ತದೆ. ಅನುಮತಿ ಕೊಟ್ಟು ಅದೇ ಕಮಾಂಡ್ ಮತ್ತೆ ಕೊಟ್ಟರೆ ‘ಡಿವೈಸ್’ ಎಂದು ಬರುತ್ತದೆ.

ನಂತರ ‘ಎಡಿಬಿ ರೀಬೂಟ್ ಬೂಟ್‌ಲೋಡರ್’. ಫೋನ್ ಫಾಸ್ಟ್‌ಬೂಟ್ ಮೋಡ್‌ಗೆ ಹೋಗುತ್ತದೆ. ಇಲ್ಲಿಂದ ಮುಂದೆ ಕಂಪನಿಗೊಂದು ರೀತಿ. ಪಿಕ್ಸೆಲ್‌ನಂಥ ಫೋನ್‌ಗಳಿಗೆ ‘ಫಾಸ್ಟ್‌ಬೂಟ್ ಫ್ಲ್ಯಾಶಿಂಗ್ ಅನ್‌ಲಾಕ್’ ಸಾಕು, ಇನ್ನೂ ಹಳೆಯವಕ್ಕೆ ‘ಫಾಸ್ಟ್‌ಬೂಟ್ ಒಇಎಂ ಅನ್‌ಲಾಕ್’. ಮೊಟೊರೊಲಾ ಫೋನ್ ಒಂದು ಉದ್ದದ ಸಂಖ್ಯೆ ಕೊಡುತ್ತದೆ. ಅದನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿದರೆ ಮೇಲ್‌ನಲ್ಲಿ ಕೋಡ್ ಬರುತ್ತದೆ. ಶಿಯೋಮಿಗೆ ಅದರದೇ ‘ಮಿ ಅನ್‌ಲಾಕ್’ ಸಾಧನ ಬೇಕು, ಮಿ ಖಾತೆ ಜೋಡಿಸಿ ದಿನಗಟ್ಟಲೆ ಕಾಯಿಸುವುದೂ ಉಂಟು. ಸ್ಯಾಮ್‌ಸಂಗ್‌ನಲ್ಲಿ ಫಾಸ್ಟ್‌ಬೂಟ್ ಇಲ್ಲ. ಅದಕ್ಕೆ ಡೌನ್‌ಲೋಡ್ ಮೋಡ್, ಕಂಪ್ಯೂಟರಿನಲ್ಲಿ ಓಡಿನ್ ಅಥವಾ ಹೈಮ್‌ಡಾಲ್ ಎಂಬ ಪ್ರೋಗ್ರಾಂ.

ಫೋನ್ ಕೊನೆಯ ಸಲ ಕೇಳುತ್ತದೆ. ವಾಲ್ಯೂಮ್ ಬಟನ್‌ನಿಂದ ‘ಅನ್‌ಲಾಕ್’ ಆರಿಸಿ ಪವರ್ ಒತ್ತಿದರೆ ಮುಗಿಯಿತು, ಫೋನ್ ಖಾಲಿ. ಇನ್ನು ಮುಂದೆ ಪ್ರತಿ ಸಲ ಆನ್ ಮಾಡಿದಾಗಲೂ ‘ಬೂಟ್‌ಲೋಡರ್ ತೆರೆದಿದೆ’ ಎಂಬ ಎಚ್ಚರಿಕೆ ಕಾಣಿಸಬಹುದು. ಅದು ದೋಷವಲ್ಲ. ಎಲ್ಲ ಅಳಿಸಿಹೋಗಿದ್ದರಿಂದ ಯುಎಸ್‌ಬಿ ಡಿಬಗಿಂಗ್ ಅನ್ನು ಮತ್ತೊಮ್ಮೆ ಆನ್ ಮಾಡಬೇಕಾಗುತ್ತದೆ.

ರಿಕವರಿ, ಆಮೇಲೆ ರಾಮ್

ರಿಕವರಿ ಎಂದರೆ ಆಂಡ್ರಾಯ್ಡ್‌ಗಿಂತ ಹೊರಗೆ ಓಡುವ ಪುಟ್ಟ ವ್ಯವಸ್ಥೆ. ಹೊಸ ಸಿಸ್ಟಂ ಒಳಗೆ ಬರುವುದು ಇದರ ಮೂಲಕ. ಟಿಡಬ್ಲ್ಯುಆರ್‌ಪಿ ಎಂಬ ರಿಕವರಿಯ ಹೆಸರು ಎಲ್ಲೆಡೆ ಕೇಳುತ್ತೀರಿ, ಒಳ್ಳೆಯದೇ. ಆದರೆ ಲೀನಿಯೇಜ್ ಹಾಕುವವರು ಅದರದೇ ರಿಕವರಿ ಬಳಸಿದರೆ ತಕರಾರು ಕಡಿಮೆ. ಹಳೆ ಫೋನಿನಲ್ಲಿ ಕಮಾಂಡ್ ‘ಫಾಸ್ಟ್‌ಬೂಟ್ ಫ್ಲ್ಯಾಶ್ ರಿಕವರಿ’, ನಂತರ ಇಮೇಜ್ ಫೈಲಿನ ಹೆಸರು. ಆಂಡ್ರಾಯ್ಡ್ 7ರಿಂದ ಬಂದ ಎ/ಬಿ ವ್ಯವಸ್ಥೆಯ (ಸಿಸ್ಟಂನ ಎರಡು ಪ್ರತಿಗೆ ಜಾಗವಿರುವ) ಎಷ್ಟೋ ಫೋನ್‌ಗಳಲ್ಲಿ ರಿಕವರಿಗೆ ಬೇರೆ ಜಾಗವೇ ಇಲ್ಲ, ಬೂಟ್ ಭಾಗದಲ್ಲೇ ಹಾಕಬೇಕು. ನಿಮ್ಮದು ಯಾವುದೆಂದು ನಿಮ್ಮ ಫೋನಿನ ಸೂಚನೆಯಲ್ಲಿ ಇರುತ್ತದೆ.

ಫ್ಲ್ಯಾಶ್ ಆದ ಮೇಲೆ, ಅಂದರೆ ಫೈಲನ್ನು ಫೋನಿಗೆ ಬರೆದ ಮೇಲೆ, ಫೋನನ್ನು ಮಾಮೂಲಿನಂತೆ ಆನ್ ಮಾಡಬೇಡಿ. ಹಳೇ ಸಿಸ್ಟಂ ಎದ್ದರೆ ಹೊಸ ರಿಕವರಿಯನ್ನು ಅಳಿಸಿ ತನ್ನದನ್ನು ಹಾಕಿಕೊಳ್ಳಬಹುದು. ‘ಫ್ಲ್ಯಾಶ್ ಮಾಡಿದೆ, ಆದರೆ ಹಳೇ ರಿಕವರಿಯೇ ಬರ್ತಿದೆ’ ಎಂಬ ಗೋಳಿಗೆ ಸಾಮಾನ್ಯವಾಗಿ ಇದೇ ಕಾರಣ. ಫಾಸ್ಟ್‌ಬೂಟ್‌ನಿಂದ ನೇರ ರಿಕವರಿಗೆ ಹೋಗಿ.

ರಿಕವರಿಯಲ್ಲಿ ‘ಫ್ಯಾಕ್ಟರಿ ರೀಸೆಟ್’, ಅದರೊಳಗೆ ‘ಫಾರ್ಮ್ಯಾಟ್ ಡೇಟಾ’. ಹಳೇ ಸಿಸ್ಟಂ ಲಾಕ್ ಮಾಡಿಟ್ಟ ಡೇಟಾವನ್ನು ಹೊಸದು ಓದಲಾರದು, ಅದಕ್ಕೇ ಈ ಹೆಜ್ಜೆ. ಹಿಂದೆ ಬಂದು ‘ಅಪ್ಲೈ ಅಪ್‌ಡೇಟ್’, ‘ಅಪ್ಲೈ ಫ್ರಮ್ ಎಡಿಬಿ’ ಆರಿಸಿ. ಕಂಪ್ಯೂಟರಿನಲ್ಲಿ ‘ಎಡಿಬಿ ಸೈಡ್‌ಲೋಡ್’ ಎಂದು ಬರೆದು ರಾಮ್ ಜಿಪ್‌ನ ಹೆಸರು ಕೊಟ್ಟು ಎಂಟರ್ ಒತ್ತಿ.

ಕಂಪ್ಯೂಟರಿನಲ್ಲಿ ಶೇಕಡಾವಾರು ಏರುತ್ತಾ ಹೋಗಿ 47ಕ್ಕೆ ಬಂದು ನಿಂತುಬಿಡಬಹುದು. ಕೆಳಗೆ ‘ಫೇಲ್ಡ್ ಟು ರೀಡ್ ಕಮಾಂಡ್: ಸಕ್ಸೆಸ್’ ಎಂಬ ವಿಚಿತ್ರ ಸಾಲು. ಸೋತಿತಾ, ಗೆದ್ದಿತಾ? ಹೊಸಬರು ಇಲ್ಲಿ ಕೇಬಲ್ ಕಿತ್ತುಬಿಡುತ್ತಾರೆ. ಕೀಳಬೇಡಿ. ಎಷ್ಟೋ ಸಲ ಕೆಲಸ ಸರಿಯಾಗಿಯೇ ಆಗಿರುತ್ತದೆ. ಕಂಪ್ಯೂಟರ್ ಬಿಟ್ಟು ಫೋನಿನ ಸ್ಕ್ರೀನ್ ನೋಡಿ, ಅಲ್ಲಿ ದೋಷದ ಸಾಲು ಇಲ್ಲದಿದ್ದರೆ ನಿಶ್ಚಿಂತೆ.

ಪ್ಲೇ ಸ್ಟೋರ್ ಬೇಕಿದ್ದರೆ ಜಿಆ್ಯಪ್ಸ್ ಹಾಕುವ ಸಮಯ ಇದು. ಒಮ್ಮೆ ಹೊಸ ಆಂಡ್ರಾಯ್ಡ್ ಎದ್ದ ಮೇಲೆ ಹಾಕಿದರೆ ಆ್ಯಪ್‌ಗಳು ಪದೇ ಪದೇ ಮುಚ್ಚಿಕೊಳ್ಳುತ್ತವೆ. ಎ/ಬಿ ಫೋನ್ ಆದರೆ ನಡುವೆ ಒಮ್ಮೆ ರಿಕವರಿಗೇ ರೀಬೂಟ್ ಮಾಡಿ. ಮತ್ತೆ ಸೈಡ್‌ಲೋಡ್ ಮಾಡಿದಾಗ ‘ಸಿಗ್ನೇಚರ್ ವೆರಿಫಿಕೇಶನ್ ಫೇಲ್ಡ್’ ಎಂದು ಕೇಳುತ್ತದೆ. ಇದು ಲೀನಿಯೇಜ್‌ನವರು ಸಹಿ ಮಾಡಿದ ಫೈಲ್ ಅಲ್ಲವಲ್ಲ, ‘ಯೆಸ್’ ಒತ್ತಿ.

ಈಗ ‘ರೀಬೂಟ್ ಸಿಸ್ಟಂ’. ಮೊದಲ ಸಲ ಏಳಲು 15 ನಿಮಿಷದವರೆಗೂ ಹಿಡಿಯಬಹುದು. ಅದಕ್ಕೂ ಮೀರಿ ಲೋಗೋ ಸುತ್ತುತ್ತಲೇ ಇದ್ದರೆ ರಿಕವರಿಗೆ ಮರಳಿ ಫಾರ್ಮ್ಯಾಟ್ ಮಾಡಿ, ಮೊದಲಿನಿಂದ ಹಾಕಿ. ಫಾಸ್ಟ್‌ಬೂಟ್ ಅಥವಾ ರಿಕವರಿ ಬರುತ್ತಿರುವವರೆಗೆ ಫೋನ್ ಸತ್ತಿಲ್ಲ, ಮೂಲ ಫರ್ಮ್‌ವೇರ್‌ನಿಂದ ಎಬ್ಬಿಸಬಹುದು. ಯಾವ ಬಟನ್ ಒತ್ತಿದರೂ ಸ್ಕ್ರೀನ್ ಬೆಳಗದಿದ್ದರೆ ಮಾತ್ರ ರಿಪೇರಿಯವರ ಕೈಗೆ.

ರೂಟ್ ಬೇಕಾ?

‘ಯಾಕೆ ಬೇಕು?’ ಎಂಬುದಕ್ಕೆ ಒಂದು ವಾಕ್ಯದ ಉತ್ತರ ಇಲ್ಲದಿದ್ದರೆ ಬೇಡ. ಕಂಪನಿ ತುರುಕಿದ ಆ್ಯಪ್‌ಗಳನ್ನು ತೆಗೆಯಲು ಎಡಿಬಿಯೇ ಸಾಕು. ಜಾಹೀರಾತು ತಡೆಯಲು ಆಂಡ್ರಾಯ್ಡ್ 9ರಿಂದ ‘ಪ್ರೈವೇಟ್ ಡಿಎನ್ಎಸ್’ ಎಂಬ ಸೆಟ್ಟಿಂಗ್ ಇದೆ. ಆ್ಯಪ್‌ಗಳ ಒಳಗಿನ ಡೇಟಾ ಸಮೇತ ಪೂರ್ತಿ ಬ್ಯಾಕಪ್, ಸಿಸ್ಟಂ ಫೈಲ್‌ಗಳ ತಿದ್ದುಪಡಿ, ಫೋನಿನಲ್ಲೇ ಇಲ್ಲದಿದ್ದರೆ ಇಷ್ಟೇ ಚಾರ್ಜ್ ಆದ ಮೇಲೆ ನಿಲ್ಲಲಿ ಎಂಬ ನಿಯಂತ್ರಣ, ಇಂಥವಕ್ಕೆ ರೂಟ್ ಬೇಕಾಗುತ್ತದೆ.

ಮಾಡುವುದಾದರೆ ಮ್ಯಾಜಿಸ್ಕ್ ಎಂಬ ಆ್ಯಪ್ ಬಳಸಿ. ಒಂದೇ ಒತ್ತಿಗೆ ರೂಟ್ ಎನ್ನುವ ಆ್ಯಪ್‌ಗಳ ಹತ್ತಿರವೂ ಹೋಗಬೇಡಿ. ಅವು ಫೋನಿನ ಭದ್ರತೆಯ ತೂತನ್ನು ಬಳಸಿ ಒಳನುಗ್ಗುತ್ತವೆ, ನುಗ್ಗಿದ ಮೇಲೆ ಏನು ಮಾಡುತ್ತವೋ ನಮಗೆ ಕಾಣುವುದಿಲ್ಲ. ಮ್ಯಾಜಿಸ್ಕ್ ಸಿಸ್ಟಂ ಭಾಗ ಮುಟ್ಟದೆ ಬೂಟ್ ಇಮೇಜ್ (ಫೋನ್ ಏಳುವಾಗ ಬೇಕಾಗುವ ಫೈಲ್) ಮಾತ್ರ ಬದಲಿಸುತ್ತದೆ. ಈಗಷ್ಟೇ ಹಾಕಿದ ರಾಮ್‌ನದೇ ಬೂಟ್ ಇಮೇಜ್ ಫೋನಿಗೆ ಕಾಪಿ ಮಾಡಿ. ಮ್ಯಾಜಿಸ್ಕ್ ಆ್ಯಪ್‌ನಲ್ಲಿ ‘ಇನ್‌ಸ್ಟಾಲ್’, ‘ಸೆಲೆಕ್ಟ್ ಆ್ಯಂಡ್ ಪ್ಯಾಚ್ ಎ ಫೈಲ್’ ಆರಿಸಿ ಆ ಇಮೇಜ್ ತೋರಿಸಿ. ಹೊಸ ಫೈಲ್ ಡೌನ್‌ಲೋಡ್ಸ್‌ನಲ್ಲಿ ಕೂರುತ್ತದೆ. ಅದನ್ನು ಕಂಪ್ಯೂಟರಿಗೆ ತಂದು ‘ಫಾಸ್ಟ್‌ಬೂಟ್ ಫ್ಲ್ಯಾಶ್ ಬೂಟ್’ ಕಮಾಂಡ್‌ನಿಂದ ಹಾಕಿ. ಬೇರೆ ದಿನದ ಬಿಲ್ಡ್‌ನ ಬೂಟ್ ಇಮೇಜ್ ಹಾಕಿದರೆ ವೈಫೈ ಹೋಗಬಹುದು, ಫೋನ್ ಏಳದೆಯೂ ಇರಬಹುದು. ಮೂಲ ಇಮೇಜ್ ಎಸೆಯಬೇಡಿ. ಅದನ್ನೇ ಮತ್ತೆ ಫ್ಲ್ಯಾಶ್ ಮಾಡಿದರೆ ರೂಟ್ ಹೋಗುತ್ತದೆ.

ಇನ್ನು ಯಾವುದೇ ಆ್ಯಪ್ ರೂಟ್ ಅಧಿಕಾರ ಕೇಳಿದಾಗ ಒಂದು ಚೌಕ ಬರುತ್ತದೆ. ಟಾರ್ಚ್ ಆ್ಯಪ್‌ಗೆ ರೂಟ್ ಯಾಕೆ ಅಲ್ವಾ? ಅನುಮಾನವಿದ್ದರೆ ‘ಡಿನೈ’. ಯಾವುದೋ ಮಾಡ್ಯೂಲ್ (ಮ್ಯಾಜಿಸ್ಕ್‌ಗೆ ಸೇರಿಸುವ ಹೆಚ್ಚುವರಿ ತುಣುಕು) ಹಾಕಿ ಫೋನ್ ಏಳದಾದರೆ ಸೇಫ್ ಮೋಡ್‌ನಲ್ಲಿ ಬೂಟ್ ಮಾಡಿ, ಮ್ಯಾಜಿಸ್ಕ್ ಎಲ್ಲ ಮಾಡ್ಯೂಲ್‌ಗಳನ್ನೂ ಆಫ್ ಮಾಡಿಬಿಡುತ್ತದೆ.

ಆಮೇಲಿನ ನಿರ್ವಹಣೆ ಸುಲಭ. ಲೀನಿಯೇಜ್ ಅಪ್‌ಡೇಟ್‌ಗಳು ಸೆಟ್ಟಿಂಗ್ಸ್‌ನಲ್ಲೇ ಬರುತ್ತವೆ, ಡೇಟಾ ಅಳಿಸುವುದಿಲ್ಲ. ಆಂಡ್ರಾಯ್ಡ್ ಆವೃತ್ತಿಯೇ ಬದಲಾಗುವಾಗ ಮಾತ್ರ ಹೊಸ ಜಿಆ್ಯಪ್ಸ್ ಜೊತೆ ಮತ್ತೆ ಸೈಡ್‌ಲೋಡ್ ಮಾಡಬೇಕು. ಮತ್ತೆ ಬೂಟ್‌ಲೋಡರ್ ಲಾಕ್ ಮಾಡುವ ಆಸೆಯಾದರೆ ಮೊದಲು ಕಂಪನಿಯ ಮೂಲ ಫರ್ಮ್‌ವೇರ್ ಪೂರ್ತಿಯಾಗಿ ಹಾಕಿ, ಅದು ಸರಿಯಾಗಿ ಎದ್ದಿದ್ದನ್ನು ನೋಡಿ, ಆಮೇಲೆ ಲಾಕ್ ಮಾಡಿ. ಕಸ್ಟಮ್ ರಾಮ್ ಇದ್ದಂತೆಯೇ ಲಾಕ್ ಮಾಡಿದರೆ ಬಹುತೇಕ ಫೋನ್‌ಗಳು ಅಲ್ಲಿಗೇ ನಿಂತುಹೋಗುತ್ತವೆ.