“ಗೊತ್ತಾಯ್ತಾ?” ಅಂತ ಕೇಳಬೇಡಿ, ಹೀಗೆ ಕೇಳಿ

ಚಿಕ್ಕಮಗಳೂರು ಕಡೆ ತೋಟದ ಕೆಲಸದವರು ಇರುವ ಲೈನ್ ಮನೆಗಳಿಗೆ ಹೋಗುವ ನರ್ಸ್, ಆಶಾ ಕಾರ್ಯಕರ್ತೆಯರಿಗೆ ಇದು. “ಗೊತ್ತಾಯ್ತಾ?” ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. ಆಸ್ಪತ್ರೆಯಲ್ಲಿ ಹೇಳಿದ್ದರಲ್ಲಿ ಶೇ. 40ರಿಂದ 80ರಷ್ಟು ಅಲ್ಲೇ ಮರೆತುಹೋಗುತ್ತದೆ ಅಂತ 2003ರ ಒಂದು ವಿಮರ್ಶಾ ಲೇಖನ ಹೇಳಿತ್ತು.

ಹಾಗಾಗಿ ನೀವು ಹೇಳಿದ್ದನ್ನು ರೋಗಿಗಳ ಬಾಯಲ್ಲೇ ತಿರುಗಿ ಹೇಳಿಸಿ. ಇದಕ್ಕೆ ಟೀಚ್-ಬ್ಯಾಕ್ ಅಂತಾರೆ. “ಅಕ್ಕಾ, ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡ್ಬೇಕು, ಮನೇಲಿ ಅತ್ತೆ ಕೇಳಿದ್ರೆ ಈ ಗುಳಿಗೆ ಬಗ್ಗೆ ಏನು ಹೇಳ್ತೀರಾ?” ತಪ್ಪು ಹೇಳಿದರೆ ಗದರಬೇಡಿ, ಬೇರೆ ಮಾತಲ್ಲಿ ಹೇಳಿ ಮತ್ತೆ ಕೇಳಿ.

ಬಸುರಿಯರ ಕಬ್ಬಿಣದ ಗುಳಿಗೆಯನ್ನೇ ತಗೊಳ್ಳಿ. ಕಾಫಿ, ಟೀ ಜೊತೆ ನುಂಗಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ. ಆದರೆ ಕಾಫಿ ಬಿಡಿ ಅಂದರೆ ನಮ್ಮೂರಲ್ಲಿ ಯಾರು ಕೇಳ್ತಾರೆ, ಅಲ್ವಾ? ಅದರ ಬದಲು ಅವರು ಎಷ್ಟೊತ್ತಿಗೆ ಕಾಫಿ ಕುಡಿಯುತ್ತಾರೆ ಅಂತ ಮೊದಲು ಕೇಳಿ, ಎರಡು ಗಂಟೆ ಅಂತರ ಸಿಗುವ ಹಾಗೆ, ರಾತ್ರಿ ಊಟ ಆಗಿ ಸ್ವಲ್ಪ ಹೊತ್ತಾದ ಮೇಲೆ ಅಂತಲೋ ಏನೋ, ದಿನಾ ಮಾಡುವ ಒಂದು ಕೆಲಸಕ್ಕೆ ಗುಳಿಗೆಯನ್ನು ಅಂಟಿಸಿಬಿಡಿ. ಮಲ ಕಪ್ಪಾಗುತ್ತದೆ, ಅದು ಮಾಮೂಲಿ ಅಂತಲೂ ಮುಂಚೆಯೇ ಹೇಳಿ. ಹೇಳದಿದ್ದರೆ ಹೆದರಿ ಸುಮ್ನೆ ನಿಲ್ಲಿಸಿಬಿಡುತ್ತಾರೆ, ನೀವು ಹೋದಾಗ “ತಗೋತಿದೀನಿ” ಅಂತಾರೆ.

ಒಂದು ಭೇಟಿಗೆ ಎರಡೋ ಮೂರೋ ವಿಷಯ ಸಾಕು. ಜಾಸ್ತಿ ಹೇಳಿದಷ್ಟೂ ಜಾಸ್ತಿ ಮರೆಯುತ್ತಾರೆ. ಮುಖ್ಯವಾದದ್ದನ್ನೇ ಮೊದಲು ಹೇಳಿ.

ರೋಗಿಗಳೂ ಇದನ್ನು ಮಾಡಬಹುದು. ಡಾಕ್ಟರ್ ಹತ್ತಿರ ಎದ್ದು ಬರುವ ಮುಂಚೆ “ಸಾರ್, ನಾನು ತಿಳ್ಕೊಂಡಿದ್ದು ಹೀಗೆ, ಸರೀನಾ?” ಅಂತ ಒಂದು ಸಲ ಹೇಳಿ ನೋಡಿ.